ಕಬ್ಬಿನ ಟ್ರೇಲರ್‌ಗೆ ಗುದ್ದಿದ ಬೈಕ್ ಲೆಕ್ಕಕ್ಕೆ ಸಿಗುವುದು ಹೇಗೆ?

ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವು ಅಂದ್ರೆ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ, ಅಥಣಿ, ಎಲ್ಲಿ ಹೋದರೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಹೇರಿದ ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಹಿಂದೆ ದೀಪ ಇದ್ದರೆ ಪುಣ್ಯ. ಇದ್ದರೂ ಎಷ್ಟೋ ಸಲ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ.

ಒಂದು ಅಪಘಾತ ಊಹಿಸಿಕೊಳ್ಳೋಣ. ಇದು ನಡೆದ ಘಟನೆಯಲ್ಲ, ಆದರೆ ಈ ಭಾಗದವರಿಗೆ ಹೊಸದೂ ಅಲ್ಲ. ಡಿಸೆಂಬರ್ ತಿಂಗಳು, ಸಂಜೆ ಏಳೂವರೆ. ಮುಧೋಳ–ಜಮಖಂಡಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡನೇ ಟ್ರೇಲರ್ ಪಂಕ್ಚರ್ ಆಗಿದೆ. ಚಾಲಕ ಗಾಲಿಗೆ ಕಲ್ಲು ಕೊಟ್ಟು, ಅಲ್ಲೇ ಡಾಂಬರಿನ ಮೇಲೆ ನಿಲ್ಲಿಸಿ ಪಂಕ್ಚರ್‌ನವನನ್ನು ಕರೆತರಲು ಹೋಗಿದ್ದಾನೆ. ಎದುರಿನಿಂದ ಬರುವ ಕಾರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬೈಕ್ ಸವಾರನಿಗೆ ಟ್ರೇಲರ್ ಕಾಣುವುದೇ ಇಲ್ಲ, ಹೋಗಿ ಗುದ್ದುತ್ತಾನೆ. ಜನ ಅವನನ್ನು ಜಮಖಂಡಿ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ಮಿರಜ್‌ಗೆ. ನಾಲ್ಕನೇ ದಿನ ಅವನು ತೀರಿಕೊಳ್ಳುತ್ತಾನೆ.

ಈ ಒಂದು ಸಾವು ಸರ್ಕಾರದ ಲೆಕ್ಕದಲ್ಲಿ ಹೇಗೆ ದಾಖಲಾಗುತ್ತದೆ? ಎಲ್ಲಿ ಆಯ್ತು, ಯಾಕೆ ಆಯ್ತು ಅನ್ನುವುದು ಉಳಿಯುತ್ತದೆಯೇ? ಹೊಸ ತಂತ್ರಜ್ಞಾನ ಬಂದಿದೆ ಅಂತಾರಲ್ಲ, ಅದು ಇದರಲ್ಲಿ ಏನನ್ನು ಬದಲಿಸಿದೆ, ಏನನ್ನು ಬದಲಿಸಿಲ್ಲ? ಇಷ್ಟನ್ನು ಬಿಡಿಸಿ ನೋಡೋಣ.

ಮೊದಲು ಹಳೆಯ ಪದ್ಧತಿ. ಪೊಲೀಸರ ಎಫ್‌ಐಆರ್ ನಮೂನೆಯಲ್ಲಿ ಘಟನೆ ನಡೆದ ಸ್ಥಳಕ್ಕೆ ಒಂದು ಕಾಲಂ ಇದೆ: ಠಾಣೆಯಿಂದ ಎಷ್ಟು ದೂರ, ಯಾವ ದಿಕ್ಕು. ‘ಠಾಣೆಯಿಂದ ಉತ್ತರಕ್ಕೆ 8 ಕಿ.ಮೀ.’ ಅಂತ ಬರೆದರೆ ಕೇಸಿಗೆ ಸಾಕು. ಯಾವ ಠಾಣೆಯ ಹದ್ದಿಗೆ ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ಪಂಚನಾಮೆಯಲ್ಲಿ ‘ಇಂಥವರ ಹೊಲದ ಹತ್ತಿರ’ ಅಂತ ಇನ್ನಷ್ಟು ವಿವರವೂ ಇರುತ್ತದೆ. ಆದರೆ ಮೂರು ವರ್ಷ ಬಿಟ್ಟು ಒಬ್ಬ ಎಂಜಿನಿಯರ್ ಆ ಕಾಗದ ಹಿಡಿದು ಬಂದರೆ? ಯಾವ ತಿರುವು, ಯಾವ ಸೇತುವೆ, ಯಾವ ಕ್ರಾಸ್ ಅಂತ ಹುಡುಕುವುದು ಕಷ್ಟ. ಹೊಲ ಅಷ್ಟರಲ್ಲಿ ಬೇರೆಯವರ ಕೈ ಸೇರಿರಬಹುದು.

ಕಾರಣದ ಕಥೆಯೂ ಹೀಗೇ. ನಮ್ಮ ಭಾಗದ ಅಪಘಾತದ ಎಫ್‌ಐಆರ್ ಓದಿದವರಿಗೆ ‘ಅತಿವೇಗ ಹಾಗೂ ನಿಷ್ಕಾಳಜಿತನದಿಂದ ನಡೆಸಿ’ ಅನ್ನುವ ಸಾಲು ಬಾಯಿಪಾಠ ಆಗಿರುತ್ತದೆ. ಅದು ಸುಮ್ನೆ ಬರೆದ ಸಾಲಲ್ಲ. ಕಾನೂನಿನ ಕಲಂ ಕೇಳುವುದೇ ಅದನ್ನು. ಮೊದಲು ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಇದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106 ಬಂದಿವೆ. ಕೋರ್ಟಿಗೆ ಬೇಕಾದದ್ದು ಯಾರ ತಪ್ಪು ಅನ್ನುವ ಉತ್ತರ. ಮುಂದಿನ ಅಪಘಾತ ತಪ್ಪಿಸಲು ಬೇಕಾದ ಪ್ರಶ್ನೆಗಳು ಬೇರೆ. ಟ್ರೇಲರಿಗೆ ರಿಫ್ಲೆಕ್ಟರ್ ಇತ್ತೇ? ಪಕ್ಕಕ್ಕೆ ಸರಿಸಿ ನಿಲ್ಲಿಸಲು ಗಟ್ಟಿ ಅಂಚು ಇತ್ತೇ? ಸವಾರ ಹೆಲ್ಮೆಟ್ ಹಾಕಿದ್ದನೇ? ಆಸ್ಪತ್ರೆಗೆ ಒಯ್ಯಲು ಎಷ್ಟು ಹೊತ್ತಾಯ್ತು? ಇನ್ನೊಂದು ನೋವಿನ ಸಂಗತಿ ಇದೆ. ಸತ್ತವನದೇ ತಪ್ಪು ಅಂತ ಕೇಸ್ ಆದರೆ, ಆರೋಪಿಯೇ ಇಲ್ಲದ್ದರಿಂದ ಕೇಸು ಅಲ್ಲಿಗೇ ಮುಗಿಯುತ್ತದೆ. ಈ ಪ್ರಶ್ನೆಗಳೂ ಅದರ ಜೊತೆಗೇ ಮುಗಿದುಹೋಗುತ್ತವೆ.

ಹೀಗೆ ಠಾಣೆ ಠಾಣೆಗಳಲ್ಲಿ ತುಂಬಿದ ಕಾಗದಗಳ ಮೊತ್ತವೇ ಜಿಲ್ಲೆ, ರಾಜ್ಯ ದಾಟಿ ದೆಹಲಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ಆಗುತ್ತಿತ್ತು. ಆ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಕರ್ನಾಟಕದಲ್ಲಿ ಸತ್ತವರು 11,702. ದೇಶದಲ್ಲಿ ಸತ್ತವರ ಪೈಕಿ ಶೇ 44ಕ್ಕಿಂತ ಜಾಸ್ತಿ ಮಂದಿ ದ್ವಿಚಕ್ರ ವಾಹನದವರು. ಶೇ 71ರಷ್ಟು ಸಾವಿಗೆ ಕಾರಣ ಅತಿವೇಗ ಅನ್ನುತ್ತದೆ ವರದಿ. ವೇಗ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಮೆರಾ ಇಲ್ಲದ ರಸ್ತೆಯಲ್ಲಿ ಆ ಬೈಕ್ ಎಷ್ಟು ವೇಗದಲ್ಲಿತ್ತು ಅಂತ ಅಳೆದವರು ಯಾರು? ಸಾಕ್ಷಿಗಳ ಮಾತು, ವಾಹನ ನುಜ್ಜಾದ ರೀತಿ, ರಸ್ತೆ ಮೇಲಿನ ಗುರುತು ನೋಡಿ ಅಂದಾಜು ಮಾಡಿದ್ದು ಅಷ್ಟೇ. ಎಲ್ಲವನ್ನೂ ಅತಿವೇಗದ ಚೀಲಕ್ಕೆ ತುಂಬಿದರೆ ರಸ್ತೆಯ ದೋಷ, ದೀಪದ ಕೊರತೆ, ನಿಂತ ವಾಹನದ ಅಪಾಯ ಎಲ್ಲವೂ ಅದರೊಳಗೆ ಮುಚ್ಚಿಹೋಗುತ್ತವೆ. ಅದೇ ವರದಿಯಲ್ಲಿ ಸುಮಾರು ಐದರಲ್ಲೊಂದು ಅಪಘಾತ ಹಿಂದಿನಿಂದ ಗುದ್ದಿದ್ದು. ಕಬ್ಬಿನ ನಾಡಿನವರು ಈ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು.

ಎಣಿಕೆಯೇ ಪೂರ್ತಿ ಇಲ್ಲ ಅನ್ನುವ ಮಾತೂ ಇದೆ. 2016ಕ್ಕೆ ಭಾರತ ಕೊಟ್ಟ ಸಾವಿನ ಲೆಕ್ಕ 1,50,785. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷಕ್ಕೆ ಮಾಡಿದ ಅಂದಾಜು 2,99,091. ಅಂದಾಜು ಅಂದಾಜೇ, ಅದನ್ನೇ ಸತ್ಯ ಅಂತ ಹಿಡಿಯಬೇಕಿಲ್ಲ. ಆದರೂ ಅಂತರ ಇಷ್ಟು ದೊಡ್ಡದಿದ್ದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ, ಅಲ್ವಾ? ನಮ್ಮ ಸವಾರನನ್ನೇ ನೋಡಿ. ಅಪಘಾತ ಆದ 30 ದಿನದೊಳಗೆ ಸತ್ತರೆ ಅದನ್ನು ರಸ್ತೆ ಅಪಘಾತದ ಸಾವು ಅಂತ ಎಣಿಸಬೇಕು. ಅವನು ಸತ್ತದ್ದು ಬೇರೆ ರಾಜ್ಯದ ಆಸ್ಪತ್ರೆಯಲ್ಲಿ. ನಿಪ್ಪಾಣಿ, ಚಿಕ್ಕೋಡಿ ಕಡೆಯವರು ಕೊಲ್ಹಾಪುರಕ್ಕೆ ಓಡುತ್ತಾರೆ. ಅಥಣಿ, ಜಮಖಂಡಿಯವರು ಮಿರಜ್, ಸಾಂಗ್ಲಿಗೆ. ವಿಜಯಪುರದ ಉತ್ತರದವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿನ ಆಸ್ಪತ್ರೆಯಿಂದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಸುದ್ದಿ ಮೊದಲು ಅಲ್ಲಿನ ಠಾಣೆಗೆ ಹೋಗಿ, ಅಲ್ಲಿಂದ ಗಡಿ ದಾಟಿ ನಮ್ಮ ಠಾಣೆಗೆ ಬರಬೇಕು. ಆ ಕಾಗದ ತಡವಾದರೆ, ಇಲ್ಲಿ ‘ತೀವ್ರ ಗಾಯ’ ಅಂತ ಬರೆದದ್ದು ಹಾಗೇ ಉಳಿದುಬಿಡಬಹುದು.

ಈಗ ಹೊಸ ಪದ್ಧತಿ. ಇದರ ಹೆಸರು ಐರಾಡ್, ಅಂದರೆ ರಸ್ತೆ ಅಪಘಾತಗಳ ಸಮಗ್ರ ದತ್ತಾಂಶ ಕೋಶ. ಮದ್ರಾಸ್ ಐಐಟಿ ರೂಪಿಸಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಜಾರಿಗೆ ತಂದ ವ್ಯವಸ್ಥೆ ಇದು. ಹಣದ ನೆರವು ವಿಶ್ವ ಬ್ಯಾಂಕಿನದು. 2021ರಲ್ಲಿ ಆರು ರಾಜ್ಯಗಳಲ್ಲಿ ಮೊದಲು ಶುರುವಾಯ್ತು. ಕರ್ನಾಟಕ ಆ ಆರರಲ್ಲೊಂದು, ಪಕ್ಕದ ಮಹಾರಾಷ್ಟ್ರವೂ ಇತ್ತು. ಮುಂದೆ ಅದರ ಮೇಲೆಯೇ ಇ-ಡಾರ್ ಅನ್ನುವ ಭಾಗ ಕಟ್ಟಿದರು. ಅದು ವಿಮೆ ಮತ್ತು ಪರಿಹಾರದ ಕೇಸುಗಳಿಗೆ ಬೇಕಾದ ವಿವರವಾದ ವರದಿ.

ಕೆಲಸ ಮಾಡುವ ರೀತಿ ಹೀಗಿದೆ. ಸ್ಥಳಕ್ಕೆ ಹೋದ ಪೊಲೀಸ್ ಅಧಿಕಾರಿ ಮೊಬೈಲಿನಲ್ಲಿ ಆ್ಯಪ್ ತೆರೆಯುತ್ತಾರೆ. ಜಿಪಿಎಸ್ ಸ್ಥಳ ಹಿಡಿಯುತ್ತದೆ. ಫೋಟೊ, ವಿಡಿಯೊ ಸೇರುತ್ತವೆ. ವಾಹನದ ನಂಬರ್ ಹಾಕಿದರೆ ‘ವಾಹನ್’ ಕೋಶದಿಂದ ಮಾಲೀಕ, ವಿಮೆ ಇತ್ಯಾದಿ ವಿವರ ಬರುತ್ತದೆ. ಲೈಸೆನ್ಸ್ ನಂಬರ್ ಹಾಕಿದರೆ ‘ಸಾರಥಿ’ಯಿಂದ ಚಾಲಕನ ವಿವರ. ಆ ಅಪಘಾತಕ್ಕೇ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ. ನನ್ನ ಪ್ರಕಾರ ನಿಜವಾದ ಹೊಸತನ ಇರುವುದು ಇದರ ಮುಂದಿನ ಹಂತದಲ್ಲಿ. ಅದೇ ಸಂಖ್ಯೆಯ ಮೇಲೆ ಇನ್ನೂ ಮೂರು ಇಲಾಖೆಗಳಿಗೆ ಕೆಲಸ ಬೀಳುತ್ತದೆ. ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ್ ವಾಹನ ನೋಡಿ ಬ್ರೇಕು, ಟೈರು, ದೀಪದ ಸ್ಥಿತಿ ಬರೆಯಬೇಕು. ರಸ್ತೆ ಯಾರದೋ ಆ ಇಲಾಖೆಯ ಎಂಜಿನಿಯರ್ ಬಂದು ತಿರುವು, ಅಂಚು, ಗುಂಡಿ, ಫಲಕ ನೋಡಬೇಕು. ಆಸ್ಪತ್ರೆಯವರು ಗಾಯದ ವಿವರ ತುಂಬಬೇಕು. ಮೊದಲು ಒಬ್ಬ ತನಿಖಾಧಿಕಾರಿ ಕಂಡದ್ದೇ ಅಪಘಾತವಾಗಿತ್ತು. ಈಗ ನಾಲ್ಕು ಇಲಾಖೆಯವರು ಒಂದೇ ದಾಖಲೆಯ ಮೇಲೆ ಸಹಿ ಹಾಕುವಂತಾಗಿದೆ.

ಜಿಪಿಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಥಳವನ್ನು ಅಕ್ಷಾಂಶ, ರೇಖಾಂಶದ ಎರಡು ಅಂಕಿಗಳಲ್ಲಿ ಬರೆಯುತ್ತಾರೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಜಮಖಂಡಿಯ ಅಕ್ಷಾಂಶವನ್ನು 16.50 ಅಂತ ಎರಡು ದಶಾಂಶಕ್ಕೆ ನಿಲ್ಲಿಸಿದರೆ, ಕೊನೆಯ ಅಂಕಿಯ ಒಂದೊಂದು ಮೆಟ್ಟಿಲೂ ಒಂದು ಕಿಲೋಮೀಟರಿಗಿಂತ ಜಾಸ್ತಿ. ನಾಲ್ಕು ದಶಾಂಶಕ್ಕೆ ಹೋದರೆ ಅದು 11 ಮೀಟರಿಗೆ ಇಳಿಯುತ್ತದೆ. ಐದಕ್ಕೆ ಹೋದರೆ ಸುಮಾರು ಒಂದು ಮೀಟರ್. ಬಯಲಲ್ಲಿ ಸಾಮಾನ್ಯ ಮೊಬೈಲು ಐದು ಮೀಟರಿನ ಆಸುಪಾಸಿಗೆ ಸ್ಥಳ ಹೇಳುತ್ತದೆ. ‘ಠಾಣೆಯಿಂದ ಉತ್ತರಕ್ಕೆ 8 ಕಿ.ಮೀ.’ ಎಲ್ಲಿ, ಐದು ಮೀಟರ್ ಎಲ್ಲಿ!

ಆದರೆ ಒಂದು ಷರತ್ತು. ಆ್ಯಪ್ ತೆರೆಯುವುದು ಅಪಘಾತದ ಜಾಗದಲ್ಲೇ ಆಗಬೇಕು. ರಾತ್ರಿ ಆ ರಸ್ತೆಯಲ್ಲಿ ನಿಂತ ಇಬ್ಬರು ಪೊಲೀಸರನ್ನು ನೆನೆಸಿಕೊಳ್ಳಿ. ಗಾಯಾಳುವನ್ನು ಕಳಿಸಬೇಕು, ಗುಂಪು ಚದುರಿಸಬೇಕು, ಹಿಂದೆ ನಿಂತ ವಾಹನಗಳಿಗೆ ದಾರಿ ಬಿಡಿಸಬೇಕು, ಟ್ರೇಲರ್ ಸರಿಸಬೇಕು. ನೆಟ್‌ವರ್ಕ್ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ‘ಠಾಣೆಗೆ ಹೋಗಿ ತುಂಬೋಣ’ ಅಂತ ಅನಿಸುವುದು ಸಹಜ. ಠಾಣೆಯಲ್ಲಿ ಕೂತು ತುಂಬಿ, ಸ್ಥಳ ತಿದ್ದದೆ ಬಿಟ್ಟರೆ ಜಿಪಿಎಸ್ ಠಾಣೆಯ ಅಂಗಳವನ್ನೇ ತೋರಿಸುತ್ತದೆ. ಹಳೆಯ ಕಾಗದದ ತಪ್ಪು ತಪ್ಪಿನ ಹಾಗೇ ಕಾಣುತ್ತಿತ್ತು. ಐದು ದಶಾಂಶದ ತಪ್ಪು ನಿಖರವಾಗಿ ಕಾಣುತ್ತದೆ, ಅದಕ್ಕೇ ಜಾಸ್ತಿ ಅಪಾಯ. ಇದನ್ನು ಕಾನ್‌ಸ್ಟೆಬಲ್‌ಗಳ ಮೇಲೆ ಹೊರಿಸುವುದು ಸರಿಯಲ್ಲ. ಸ್ಥಳದಲ್ಲೇ ತುಂಬಬೇಕಾದ್ದನ್ನು ನಾಲ್ಕೈದಕ್ಕೆ ಇಳಿಸಿ: ಸ್ಥಳ, ಸಮಯ, ಫೋಟೊ, ವಾಹನದ ನಂಬರ್, ಗಾಯಾಳುಗಳ ಸಂಖ್ಯೆ. ಉಳಿದದ್ದನ್ನು ಮರುದಿನ ತುಂಬಲಿ. ಮರುದಿನ ಸಿಗದ ಸಂಗತಿಗಳೇ ಮೊದಲು ಬೇಕು. ಟ್ರೇಲರ್ ಸರಿಸುವ ಮುಂಚೆ ಅದರ ಹಿಂಭಾಗದ ಫೋಟೊ ತೆಗೆದರೆ ರಿಫ್ಲೆಕ್ಟರ್ ಇತ್ತೋ ಇಲ್ಲವೋ ಅನ್ನುವ ವಾದವೇ ಉಳಿಯುವುದಿಲ್ಲ.

ಹೀಗೆ ಕೂಡಿಟ್ಟ ಚುಕ್ಕೆಗಳಿಂದ ಏನು ಮಾಡುತ್ತಾರೆ? ಎಲ್ಲರೂ ಕೇಳಿರುವ ಹೆಸರು ಬ್ಲ್ಯಾಕ್ ಸ್ಪಾಟ್. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆ ಹೀಗಿದೆ: ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ನಿಪ್ಪಾಣಿಯಿಂದ ಕಿತ್ತೂರಿನವರೆಗೆ ಬೆಳಗಾವಿ ಜಿಲ್ಲೆ ಹಾಯುವ 48ನೇ ಹೆದ್ದಾರಿಗೆ, ವಿಜಯಪುರದಿಂದ ಕೊಲ್ಹಾರ, ಬೀಳಗಿ ಕ್ರಾಸ್ ದಾಟಿ ಹುಬ್ಬಳ್ಳಿ ಕಡೆ ಹೋಗುವ 52ನೇ ಹೆದ್ದಾರಿಗೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ಸರ್ವಿಸ್ ರಸ್ತೆ ಬಂದು ಕೂಡುವ ಜಾಗ, ಡಿವೈಡರ್ ಒಡೆದು ಮಾಡಿಕೊಂಡ ದಾಟುದಾರಿ, ಊರಿನ ಕ್ರಾಸ್ ಇವೆಲ್ಲ ಒಂದೇ ಕಡೆ ಇರುತ್ತವೆ. ಅಪಘಾತವೂ ಅಲ್ಲೇ ಮತ್ತೆ ಮತ್ತೆ ಆಗುತ್ತದೆ. ಚುಕ್ಕೆಗಳು ಗುಡ್ಡೆ ಬೀಳುತ್ತವೆ, ನಕ್ಷೆ ಕೆಂಪಾಗುತ್ತದೆ.

ಕಬ್ಬಿನ ಟ್ರೇಲರ್ ಹಾಗಲ್ಲ. ಅದು ಇವತ್ತು ಒಂದು ಕಡೆ ಪಂಕ್ಚರ್ ಆಗುತ್ತದೆ, ನಾಳೆ ಇನ್ನೊಂದು ಕಡೆ. ಮೂರು ವರ್ಷದಲ್ಲಿ ಒಂದು ತಾಲ್ಲೂಕಿನಲ್ಲಿ ಇಂಥ ಎಷ್ಟೇ ಸಾವು ಆದರೂ ಐದು ಅಪಘಾತ ಒಂದೇ 500 ಮೀಟರಿನಲ್ಲಿ ಬೀಳುವುದು ಅಪರೂಪ. ಚುಕ್ಕೆಗಳು ಜಿಲ್ಲೆ ತುಂಬ ಚದುರಿಹೋಗುತ್ತವೆ. ಬ್ಲ್ಯಾಕ್ ಸ್ಪಾಟ್ ಪಟ್ಟಿ ನೋಡಿದವರಿಗೆ ಅವು ಕಾಣುವುದೇ ಇಲ್ಲ. ಈ ಅಪಾಯಕ್ಕೆ ಒಂದು ಜಾಗ ಇಲ್ಲ. ಇದಕ್ಕೆ ಇರುವುದು ಒಂದು ಹಂಗಾಮು, ಒಂದು ಹೊತ್ತು, ಒಂದು ಬಗೆಯ ವಾಹನ. ದೇಶದ ವರದಿಗಳಲ್ಲೂ ಅಪಘಾತ ಜಾಸ್ತಿ ಆಗುವ ಹೊತ್ತು ಸಂಜೆ 6ರಿಂದ 9.

ಇದನ್ನು ಹಿಡಿಯಬೇಕಾದರೆ ನಕ್ಷೆಯನ್ನು ಪಕ್ಕಕ್ಕಿಟ್ಟು ಕೋಶಕ್ಕೆ ಬೇರೆ ಪ್ರಶ್ನೆ ಕೇಳಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ, ಕತ್ತಲಾದ ಮೇಲೆ, ನಿಂತ ಇಲ್ಲವೇ ನಿಧಾನ ಸಾಗುವ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದಿನಿಂದ ಗುದ್ದಿದ ಪ್ರಕರಣ ಎಷ್ಟು? ಕಾಗದದ ಕಾಲದಲ್ಲಿ ಇದಕ್ಕೆ ಉತ್ತರ ಬೇಕೆಂದರೆ ಪ್ರತಿ ಠಾಣೆಯ ಕಡತ ಬಿಚ್ಚಬೇಕಿತ್ತು. ಈಗ ಕೆಲವು ನಿಮಿಷದ ಕೆಲಸ. ಆದರೆ ಉತ್ತರ ಸಿಗಬೇಕಾದರೆ ಆ ವಿವರ ಒಳಗೆ ಹೋಗಿರಬೇಕು. ಟ್ರ್ಯಾಕ್ಟರ್ ಅಂತ ಮಾತ್ರ ಬರೆದರೆ ಸಾಲದು. ಎಷ್ಟು ಟ್ರೇಲರ್ ಇದ್ದವು, ನಿಂತಿತ್ತೋ ಸಾಗುತ್ತಿತ್ತೋ, ಹಿಂದೆ ದೀಪ, ಕೆಂಪು ರಿಫ್ಲೆಕ್ಟರ್ ಇದ್ದವೋ, ಟ್ರೇಲರಿಗೆ ನಂಬರ್ ಇತ್ತೋ ಇವೆಲ್ಲ ಬೇಕು. ನಂಬರ್ ಇಲ್ಲದ ಟ್ರೇಲರ್ ‘ವಾಹನ್’ ಕೋಶದಲ್ಲಿ ಸಿಗುವುದಿಲ್ಲ. ಯಂತ್ರಕ್ಕೆ ಅದು ಇಲ್ಲವೇ ಇಲ್ಲ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಕಾಲಂ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಬ್ಲ್ಯಾಕ್ ಸ್ಪಾಟ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಂದು ಕ್ರಾಸಿನಲ್ಲಿ ಒಂದೇ ವರ್ಷ ನಾಲ್ಕು ಅಪಘಾತ ಆದವು ಅಂದುಕೊಳ್ಳಿ. ಗದ್ದಲ ಆಗುತ್ತದೆ, ಉಬ್ಬು ಹಾಕುತ್ತಾರೆ. ಮುಂದಿನ ವರ್ಷ ಒಂದೇ ಅಪಘಾತ. ಉಬ್ಬಿನಿಂದಲೇ ಕಡಿಮೆ ಆಯ್ತು ಅಂತ ಹೇಳಲು ಬರುವುದಿಲ್ಲ. ಕೆಟ್ಟ ವರ್ಷದ ನಂತರ ಸಾಧಾರಣ ವರ್ಷ ಬರುವುದು ಅಂಕಿಗಳ ಸಹಜ ಗುಣ. ಅದಕ್ಕೇ ಮೂರು ವರ್ಷದ ಲೆಕ್ಕ ಕೇಳುತ್ತಾರೆ. ಉಬ್ಬು ಹಾಕದ ಅಂಥದ್ದೇ ಕ್ರಾಸುಗಳ ಜೊತೆ ಹೋಲಿಸಿದರೆ ಇನ್ನೂ ಒಳ್ಳೆಯದು. ಒಂದೇ ಅಳತೆಯಲ್ಲಿ ವರ್ಷವರ್ಷ ತುಂಬಿದ ಕೋಶ ಇದ್ದರೆ ಮಾತ್ರ ಇಂಥ ಹೋಲಿಕೆ ಆಗುವುದು.

ಇನ್ನು, ಮನುಷ್ಯ ತುಂಬುವ ಕಾಲಂಗಳ ಆಚೆ ಯಂತ್ರವೇ ಬರೆದಿಡುವ ದಾಖಲೆಗಳೂ ಬರುತ್ತಿವೆ. ನಮ್ಮಲ್ಲಿ 2019ರ ಜನವರಿಯಿಂದ ಹೊಸ ಬಸ್ಸು, ಟ್ಯಾಕ್ಸಿಗಳಂಥ ಸಾರ್ವಜನಿಕ ವಾಹನಗಳಿಗೆ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಬಟನ್ ಕಡ್ಡಾಯ. ಯುರೋಪ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರುವ ಪ್ರತಿ ಹೊಸ ಕಾರಿನಲ್ಲೂ ಘಟನೆ ದಾಖಲಿಸುವ ಪೆಟ್ಟಿಗೆ ಇರಬೇಕು. ಡಿಕ್ಕಿಗೆ ಮುಂಚಿನ ಸುಮಾರು ಐದು ಸೆಕೆಂಡಿನ ವೇಗ, ಬ್ರೇಕ್ ಒತ್ತಿದ್ದು, ಸೀಟ್ ಬೆಲ್ಟ್ ಹಾಕಿದ್ದು ಅದರಲ್ಲಿ ಉಳಿಯುತ್ತದೆ. ಅತಿವೇಗ ಅನ್ನುವ ಅಂದಾಜಿಗೆ ಅಲ್ಲಿ ಅಳತೆ ಸಿಗುತ್ತದೆ. ಆದರೆ ನಮ್ಮ ರಸ್ತೆಯಲ್ಲಿ ಸಾಯುವವರಲ್ಲಿ ಬೈಕಿನವರು, ನಡೆದು ಹೋಗುವವರು ಜಾಸ್ತಿ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟು ಹೆದ್ದಾರಿಯ ಅಂಚಿನಲ್ಲಿ ರಾತ್ರಿ ನಡೆಯುವ ಭಕ್ತರಿಗೆ ಯಾವ ಪೆಟ್ಟಿಗೆ ಕಟ್ಟುವುದು? ಅವರ ಪಾಲಿಗೆ ಆಸ್ಪತ್ರೆಯ ದಾಖಲೆಯೇ ಮುಖ್ಯ. ಸ್ವೀಡನ್ ದೇಶ ಪೊಲೀಸರ ಮತ್ತು ಆಸ್ಪತ್ರೆಗಳ ದಾಖಲೆಯನ್ನು ಸ್ಟ್ರಾಡಾ ಅನ್ನುವ ಒಂದೇ ಕೋಶಕ್ಕೆ ತಂದಿದ್ದರ ಗುಟ್ಟು ಇದೇ. ಪೊಲೀಸರ ತನಕ ಬಾರದೆ ಆಸ್ಪತ್ರೆಗೆ ಮಾತ್ರ ಬಂದ ಗಾಯಾಳುಗಳೂ ಅಲ್ಲಿ ಎಣಿಕೆಗೆ ಸಿಗುತ್ತಾರೆ.

ಹತ್ತಿರದ ಉದಾಹರಣೆ ನಾಗಪುರದ್ದು. ಅಲ್ಲಿ 2021ರಲ್ಲಿ ಐರಾಸ್ತೆ ಅನ್ನುವ ಯೋಜನೆ ಶುರುವಾಯ್ತು. ನಗರದ ಬಸ್ಸುಗಳಿಗೆ ಮುಂದೆ ನೋಡುವ ಕ್ಯಾಮೆರಾ ಕಟ್ಟಿದರು. ಡಿಕ್ಕಿ ಆಗುವ ಹಾಗಿದ್ದರೆ ಚಾಲಕನಿಗೆ ಎಚ್ಚರಿಕೆಯ ಸದ್ದು ಬರುತ್ತದೆ. ಆ ಸದ್ದು ಎಲ್ಲೆಲ್ಲಿ ಮತ್ತೆ ಮತ್ತೆ ಬಂತು ಅನ್ನುವುದೂ ಉಳಿಯುತ್ತದೆ. ಸಾವು ಆಗುವ ಮೊದಲೇ ಅಪಾಯದ ಜಾಗ ಗುರುತಿಸಿ, ಅವಕ್ಕೆ ಗ್ರೇ ಸ್ಪಾಟ್ ಅಂದರು. ಬ್ಲ್ಯಾಕ್ ಸ್ಪಾಟ್ ಪಟ್ಟಿಗೆ ಸೇರಲು ಮೊದಲು ಜನ ಸಾಯಬೇಕು ಅನ್ನುವ ಕ್ರೂರ ನಿಯಮಕ್ಕೆ ಇದು ಒಳ್ಳೆಯ ಉತ್ತರ. ವಿಜಯಪುರ–ಬಾಗಲಕೋಟೆ ನಡುವೆ ರಾತ್ರಿ ಓಡಾಡುವ ಬಸ್ಸುಗಳಿಗೆ ಇಂಥ ಕ್ಯಾಮೆರಾ ಇದ್ದರೆ, ದೀಪವಿಲ್ಲದ ಟ್ರೇಲರ್ ಎಷ್ಟು ಸಲ ಎದುರಾಯ್ತು ಅನ್ನುವ ಎಣಿಕೆ ಒಂದೇ ಹಂಗಾಮಿನಲ್ಲಿ ಸಿಕ್ಕೀತು.

ಈ ದಾಖಲೆ ಮನೆಯವರಿಗೂ ನೇರವಾಗಿ ಮುಟ್ಟುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ ತನಿಖಾಧಿಕಾರಿ ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಸಲ್ಲಬೇಕು. 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನದವರೆಗೆ, ₹1.5 ಲಕ್ಷದ ತನಕ ಚಿಕಿತ್ಸೆ ಇದೆ. ಅದೂ ಇ-ಡಾರ್ ಜೊತೆ ಜೋಡಣೆ ಆಗಿದೆ. ಅಂದರೆ ರಸ್ತೆಯ ಮೇಲೆ ನಿಂತು ತುಂಬಿದ ನಾಲ್ಕು ಕಾಲಂ ಆಸ್ಪತ್ರೆಯ ಬಿಲ್ಲಿನ ತನಕ ಹೋಗುತ್ತದೆ.

ಹಾಗಾಗಿ ನಿಮ್ಮ ಕಣ್ಣೆದುರು ಅಪಘಾತ ಆದರೆ 112ಕ್ಕೋ 108ಕ್ಕೋ ಫೋನ್ ಮಾಡಿ, ಗಾಯಾಳುವನ್ನು ಕಳಿಸಿ. ಆಮೇಲೆ ವಾಹನಗಳನ್ನು ಸರಿಸುವ ಮುಂಚೆ ಸಾಧ್ಯವಾದರೆ ಎರಡು ಫೋಟೊ ತೆಗೆಯಿರಿ: ಒಂದು ಹತ್ತಿರದಿಂದ, ಒಂದು ದೂರದಿಂದ ರಸ್ತೆ ಪೂರ್ತಿ ಕಾಣುವ ಹಾಗೆ. ಗಾಯಾಳುವಿನ ಮುಖ ಬೇಡ, ವಾಟ್ಸ್ಆ್ಯಪ್ ಗುಂಪಿಗಂತೂ ಬೇಡವೇ ಬೇಡ, ಪೊಲೀಸರಿಗೆ ಕೊಡಿ. ನೆರವಾದವರನ್ನು ಸಾಕ್ಷಿ ಹೇಳಲು ಬಲವಂತ ಮಾಡುವಂತಿಲ್ಲ. 2019ರ ತಿದ್ದುಪಡಿಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ಗಾಯಾಳು ನಿಮ್ಮ ಮನೆಯವರೇ ಆಗಿದ್ದರೆ ತನಿಖಾಧಿಕಾರಿಯನ್ನು ಮೂರು ಮಾತು ಕೇಳಿ. ಇ-ಡಾರ್‌ನಲ್ಲಿ ದಾಖಲೆ ಆಗಿದೆಯೇ? ಅದರ ಸಂಖ್ಯೆ ಏನು? ಸ್ಥಳ ಸರಿಯಾಗಿ ಬಿದ್ದಿದೆಯೇ? ಮಿರಜ್‌ಗೋ ಸೊಲ್ಲಾಪುರಕ್ಕೋ ಒಯ್ದಿದ್ದರೆ ಅಲ್ಲಿನ ಎಂಎಲ್‌ಸಿ ನಂಬರನ್ನು ಇಲ್ಲಿನ ಠಾಣೆಗೆ ನೀವೇ ತಲುಪಿಸಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಅಲ್ಲಿ ಬ್ಲ್ಯಾಕ್ ಸ್ಪಾಟ್ ಪಟ್ಟಿ ಚರ್ಚೆಗೆ ಬರುತ್ತದೆ. ಕಬ್ಬಿನ ಹಂಗಾಮಿಗೆ ಮುಂಚೆ ನಡೆಯುವ ಸಭೆಯಲ್ಲಿ ಇನ್ನೊಂದು ಪಟ್ಟಿಯೂ ಮೇಜಿನ ಮೇಲೆ ಬರಬೇಕು: ಹೋದ ಹಂಗಾಮಿನಲ್ಲಿ ಟ್ರೇಲರಿಗೆ ಗುದ್ದಿ ಸತ್ತವರೆಷ್ಟು, ಯಾವ ಹೊತ್ತಿನಲ್ಲಿ, ಎಷ್ಟು ಟ್ರೇಲರಿಗೆ ರಿಫ್ಲೆಕ್ಟರ್ ಇರಲಿಲ್ಲ, ಅವು ಯಾವ ಕಾರ್ಖಾನೆಗೆ ಕಬ್ಬು ಹೊತ್ತಿದ್ದವು. ಕೊನೆಯ ಕಾಲಂ ಈಗಿನ ಯಾವ ನಮೂನೆಯಲ್ಲೂ ಇಲ್ಲದಿದ್ದರೆ ಜಿಲ್ಲೆಯೇ ಅದನ್ನು ಸೇರಿಸಿಕೊಳ್ಳಲಿ. ಯಾವ ಟ್ರ್ಯಾಕ್ಟರ್ ಎಷ್ಟು ಟನ್ ತಂತು ಅಂತ ಕಾರ್ಖಾನೆಯ ತೂಕದ ಕಾಟಾದಲ್ಲಿ ದಿನವೂ ಬರೆಯುತ್ತಾರೆ. ಹಿಂದೆ ಕೆಂಪು ಪಟ್ಟಿ ಇದೆಯೇ ಅಂತ ನೋಡಿ, ಇಲ್ಲದಿದ್ದರೆ ಅಲ್ಲೇ ಅಂಟಿಸಿ ಕಳಿಸಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.